ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಕಂಪ್ಯೂಟರ್ ಕೈಕೊಟ್ಟರೆ

ಹೊಸ ಗ್ರಾಫಿಕ್ಸ್ ಕಾರ್ಡ್ ಕೂರಿಸಿ, ಕ್ಯಾಬಿನೆಟ್ ಮುಚ್ಚಿ, ಆಸೆಯಿಂದ ಪವರ್ ಬಟನ್ ಒತ್ತುತ್ತೀರಿ. ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಮಾನಿಟರ್ ಮಾತ್ರ ಕಪ್ಪಗೇ ಇರುತ್ತದೆ. ಆಗ ಎದೆ ಧಸಕ್ ಅನ್ನುತ್ತದೆ. ಕಾರ್ಡೇ ಕೆಟ್ಟಿರಬೇಕು ಅಂತ ಮನಸ್ಸು ಹೇಳುತ್ತದೆ. ನನ್ನ ಮತ್ತು ಗೆಳೆಯರ ಕಂಪ್ಯೂಟರ್‌ಗಳಲ್ಲಿ ನಾನು ನೋಡಿದ ಮಟ್ಟಿಗೆ ಹೊಸ ಕಾರ್ಡೇ ಕೆಟ್ಟಿದ್ದು ತೀರಾ ಕಮ್ಮಿ. ಜಾಸ್ತಿ ಸಲ ತೊಂದರೆ ಇದ್ದದ್ದು ಕಾರ್ಡಿನ ಸುತ್ತಮುತ್ತ: ಕೇಬಲ್, ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಡಬ್ಬಿ), ಬಯೋಸ್ (ವಿಂಡೋಸ್‌ಗಿಂತ ಮೊದಲು ಏಳುವ, ಮದರ್‌ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಸೆಟ್ಟಿಂಗ್, ಹಳೆಯ ಡ್ರೈವರ್ (ವಿಂಡೋಸ್ ಕಾರ್ಡಿನ ಜೊತೆ ಮಾತಾಡಲು ಬೇಕಾದ ಪ್ರೋಗ್ರಾಂ).

ಹುಡುಕುವಾಗ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಯಾವ ಹಂತದಲ್ಲಿ ಕೈಕೊಡುತ್ತಿದೆ? ಬಟನ್ ಒತ್ತಿದ ಕೂಡಲೇನಾ, ಮದರ್‌ಬೋರ್ಡ್ ಲೋಗೋ ಬಂದ ಮೇಲಾ, ವಿಂಡೋಸ್ ತೆರೆದ ಮೇಲಾ, ಇಲ್ಲಾ ಗೇಮ್ ಹಾಕಿ ಹತ್ತು ನಿಮಿಷ ಆದ ಮೇಲಾ? ಲೋಗೋಗೂ ಮೊದಲೇ ನಿಂತರೆ ಅದು ಡ್ರೈವರ್ ತಪ್ಪಲ್ಲ, ಯಾಕಂದ್ರೆ ಡ್ರೈವರ್ ಇನ್ನೂ ಲೋಡೇ ಆಗಿಲ್ಲ. ಗೇಮ್‌ನಲ್ಲಿ ಮಾತ್ರ ಬಿದ್ದರೆ, ಕಾರ್ಡ್ ಸ್ಲಾಟ್‌ನಲ್ಲಿ ಕೂತಿದೆ, ಬಯೋಸ್ ಅದನ್ನು ಗುರುತಿಸಿದೆ ಅಂತ ಗೊತ್ತಾಯ್ತು. ಹೀಗೆ ಅರ್ಧ ಅನುಮಾನಗಳು ಮುಚ್ಚಳ ತೆಗೆಯುವ ಮೊದಲೇ ಕಳೆದುಹೋಗುತ್ತವೆ.

ಹಳೆಯ ಕಾರ್ಡನ್ನು ಈಗಲೇ ಮಾರಬೇಡಿ, ಯಾರಿಗೂ ಕೊಡಬೇಡಿ. ಅದಕ್ಕಿಂತ ಒಳ್ಳೆಯ ಪರೀಕ್ಷೆಯ ಸಾಧನ ನಿಮ್ಮ ಹತ್ತಿರ ಇನ್ನೊಂದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನಾಯ್ತು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಮೂರು ಬದಲಾವಣೆ ಒಟ್ಟಿಗೆ ಮಾಡಿದರೆ ಸರಿಹೋದರೂ ಯಾವುದರಿಂದ ಹೋಯ್ತು ಅಂತ ತಿಳಿಯುವುದಿಲ್ಲ.

## ಕೈ ಹಾಕುವ ಮೊದಲು

ಸ್ಲೀಪ್ ಅಲ್ಲ, ಪೂರ್ತಿ ಶಟ್‌ಡೌನ್ ಮಾಡಿ. ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತುಬಿಡಿ. ಆಮೇಲೆ ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಬೋರ್ಡ್‌ನಲ್ಲಿ ಉಳಿದ ಕರೆಂಟ್ ಇಳಿದುಹೋಗಲಿ. ಕ್ಯಾಬಿನೆಟ್‌ನ ಬಣ್ಣ ಬಳಿಯದ ಲೋಹದ ಭಾಗ ಮುಟ್ಟಿ, ಮೈಯಲ್ಲಿರುವ ಸ್ಥಾಯೀ ವಿದ್ಯುತ್ ಕಳೆದುಕೊಳ್ಳಿ. ಕಾರ್ಡನ್ನು ಅಂಚು ಹಿಡಿದೇ ಎತ್ತಿ, ಚಿನ್ನದ ಬಣ್ಣದ ಪಟ್ಟಿಗೆ ಬೆರಳು ತಾಗಿಸಬೇಡಿ. ತೆಗೆಯುವಾಗ ಸ್ಲಾಟ್ ತುದಿಯ ಲ್ಯಾಚ್ ಒತ್ತದೆ ಎಳೆದರೆ ಸ್ಲಾಟ್ ಮುರಿಯುತ್ತದೆ.

ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಒಳಗಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಕುತ್ತು ತರುವಷ್ಟು ಚಾರ್ಜ್ ಇರಬಹುದು.

ಬಯೋಸ್ ಮುಟ್ಟುವ ಮೊದಲು ಇನ್ನೊಂದು ಕೆಲಸ ಇದೆ, ತುಂಬಾ ಜನ ಇದನ್ನು ಮರೆಯುತ್ತಾರೆ. ನಿಮ್ಮ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ) ಆನ್ ಆಗಿದ್ದರೆ, ಬಯೋಸ್ ಸೆಟ್ಟಿಂಗ್ ಬದಲಾದಾಗ ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಮೈಕ್ರೋಸಾಫ್ಟ್ ಅಕೌಂಟ್ ಬಳಸುತ್ತಿದ್ದರೆ ಕೀ ಸಾಮಾನ್ಯವಾಗಿ ಅಲ್ಲೇ ಸೇವ್ ಆಗಿರುತ್ತದೆ. ಫೋನ್‌ನಿಂದ ಲಾಗಿನ್ ಆಗಿ ಮೊದಲೇ ಬರೆದಿಟ್ಟುಕೊಳ್ಳಿ. ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವ ಫೋಟೋ, ಫೈಲ್ ಎಲ್ಲವೂ ಕೈತಪ್ಪಬಹುದು.

## ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ಅಥವಾ ಫ್ಯಾನ್ ಒಂದು ಸುತ್ತು ತಿರುಗಿ ನಿಲ್ಲುತ್ತದೆ

ಏನೂ ಆಗದಿದ್ದರೆ ಮೊದಲು ಎಸ್‌ಎಂಪಿಎಸ್ ಹಿಂದಿನ ಸ್ವಿಚ್ ನೋಡಿ. ಕೆಲಸದ ಮಧ್ಯೆ ಆಫ್ ಮಾಡಿ ಮರೆತಿರುತ್ತೇವೆ. ಆಮೇಲೆ ಮದರ್‌ಬೋರ್ಡ್‌ನ 24 ಪಿನ್ ಕೇಬಲ್, ಮೂಲೆಯಲ್ಲಿರುವ ಪವರ್ ಬಟನ್‌ನ ಸಣ್ಣ ವೈರ್. ಉದ್ದನೆಯ ಕಾರ್ಡ್ ತೂರಿಸುವಾಗ ಇವು ಸಡಿಲವಾಗಿರುತ್ತವೆ.

ಫ್ಯಾನ್ ಒಮ್ಮೆ ಅಲುಗಾಡಿ ನಿಂತರೆ ಅದು ಬೇರೆ ಕಥೆ. ಎಲ್ಲೋ ಶಾರ್ಟ್ ಆಗಿ ಎಸ್‌ಎಂಪಿಎಸ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿರಬಹುದು. ಮತ್ತೆ ಮತ್ತೆ ಬಟನ್ ಒತ್ತಬೇಡಿ. ಕಾರ್ಡಿಗೆ ಹಾಕಿದ ಕೇಬಲ್ ಯಾವುದು ಅಂತ ನೋಡಿ. ಪ್ರೊಸೆಸರ್‌ಗೆ ಹೋಗುವ 8 ಪಿನ್ ಕೇಬಲ್ ನಾಲ್ಕು ನಾಲ್ಕಾಗಿ ಸೀಳುತ್ತದೆ. ಗ್ರಾಫಿಕ್ಸ್ ಕಾರ್ಡಿನದು ಆರು ಮತ್ತು ಎರಡಾಗಿ ಸೀಳುತ್ತದೆ. ನೋಡಲು ಒಂದೇ ಥರ ಕಂಡರೂ ಎರಡರಲ್ಲಿ 12 ವೋಲ್ಟ್ ಮತ್ತು ಗ್ರೌಂಡ್ ಅದಲು ಬದಲಾಗಿರುತ್ತವೆ. ಪ್ಲಗ್‌ನ ಆಕಾರ ಬೇರೆ ಇರುವುದರಿಂದ ಸುಲಭವಾಗಿ ಹೋಗುವುದಿಲ್ಲ. ಆದರೆ ಬಲ ಹಾಕಿ ತುರುಕಿದರೆ ಕಾರ್ಡ್ ಸುಡುತ್ತದೆ.

ಇಷ್ಟೇ ಅಪಾಯ ಇನ್ನೊಂದಿದೆ. ಬಿಡಿಸಿ ಹಾಕುವ ಕೇಬಲ್‌ಗಳಿರುವ ಮಾಡ್ಯುಲರ್ ಎಸ್‌ಎಂಪಿಎಸ್‌ಗೆ ಬೇರೆ ಎಸ್‌ಎಂಪಿಎಸ್‌ನ ಕೇಬಲ್ ಹಾಕಬಾರದು. ಕಾರ್ಡಿನ ಕಡೆಯ ತುದಿ ಎಲ್ಲರದ್ದೂ ಒಂದೇ, ಎಸ್‌ಎಂಪಿಎಸ್ ಕಡೆಯ ವೈರಿಂಗ್ ಮಾತ್ರ ಒಬ್ಬೊಬ್ಬರದು ಒಂದೊಂದು ಥರ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೂ ಬೇರೆ ಇರಬಹುದು.

ಕೇಬಲ್ ಸರಿ ಇದ್ದರೆ ಹೊಸ ಕಾರ್ಡ್ ಪೂರ್ತಿ ತೆಗೆದು ಆನ್ ಮಾಡಿ. ಕಂಪ್ಯೂಟರ್ ಏಳುತ್ತದೆ, ಕಾರ್ಡ್ ಹಾಕಿದರೆ ಮತ್ತೆ ಬೀಳುತ್ತದೆ ಅಂತಾದರೆ ಎರಡನೇ ಸಲಕ್ಕೇ ನಿಲ್ಲಿಸಿ. ಕಾರ್ಡನ್ನು ವಾರಂಟಿಗೆ ಕೊಡಿ.

## ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಕಪ್ಪು

ಅತಿ ಹೆಚ್ಚು ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ.

ಮೊದಲು ಕಂಪ್ಯೂಟರ್‌ನ ಹಿಂಭಾಗಕ್ಕೆ ಹೋಗಿ. ಮಾಮೂಲಿ ನಿಂತ ಕ್ಯಾಬಿನೆಟ್‌ನಲ್ಲಿ ಮೇಲ್ಗಡೆ ಯುಎಸ್‌ಬಿ, ಆಡಿಯೋ ತೂತುಗಳ ಜೊತೆ ಇರುವ ಎಚ್‌ಡಿಎಂಐ ಪೋರ್ಟ್ ಮದರ್‌ಬೋರ್ಡ್‌ನದು. ಅದರ ಕೆಳಗೆ ಅಡ್ಡಸಾಲಿನಲ್ಲಿ ಇರುವವು ಕಾರ್ಡಿನವು. ಮಾನಿಟರ್ ಕೇಬಲ್ ಕೆಳಗಿನ ಸಾಲಿನಲ್ಲೇ ಇರಬೇಕು. ಕಾರ್ಡ್ ಕೂತ ಕೂಡಲೇ ಬಹಳಷ್ಟು ಬೋರ್ಡ್‌ಗಳು ಮೇಲಿನ ಪೋರ್ಟನ್ನು ತಾವೇ ಆಫ್ ಮಾಡಿಬಿಡುತ್ತವೆ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಂತೂ ಒಳಗಿನ ಗ್ರಾಫಿಕ್ಸ್ ಬಳಕೆಗೇ ಸಿಗುವುದಿಲ್ಲ, ಹಾಗಾಗಿ ಮೇಲಿನ ಪೋರ್ಟ್‌ನಿಂದ ಚಿತ್ರ ಬರುವ ಮಾತೇ ಇಲ್ಲ.

ಮಾನಿಟರ್‌ನ ಇನ್‌ಪುಟ್ ಸರಿಯಾದ ಪೋರ್ಟ್‌ಗೆ ಇದೆಯಾ ನೋಡಿ. ಕಾರ್ಡಿನ ಇನ್ನೊಂದು ಪೋರ್ಟ್‌ಗೆ ಬದಲಿಸಿ. ಡಿಸ್‌ಪ್ಲೇಪೋರ್ಟ್ ಬಳಸುತ್ತಿದ್ದರೆ ಎಚ್‌ಡಿಎಂಐ ಹಾಕಿ ನೋಡಿ. ಹಳೆಯ ವಿಜಿಎ ಮಾನಿಟರ್‌ಗೆ ಅಗ್ಗದ ಅಡಾಪ್ಟರ್ ಹಾಕಿದ್ದರೆ ಅದರ ಮೇಲೆಯೇ ಮೊದಲ ಅನುಮಾನ ಇಡಿ. ಇಂದಿನ ಕಾರ್ಡ್‌ಗಳು ವಿಜಿಎ ಸಿಗ್ನಲ್ ಕೊಡುವುದೇ ಇಲ್ಲ, ಒಳಗೆ ಪರಿವರ್ತಿಸುವ ಚಿಪ್ ಇರುವ ಅಡಾಪ್ಟರ್ ಬೇಕು. ಮಾನಿಟರ್‌ನ ಪವರ್ ಕೇಬಲ್ ಒಂದು ನಿಮಿಷ ಕಿತ್ತು ಮತ್ತೆ ಹಾಕಿ. ಚಿಕ್ಕ ಕೆಲಸ ಅನ್ನಿಸಿದರೂ ಡಿಸ್‌ಪ್ಲೇಪೋರ್ಟ್ ಮಾನಿಟರ್‌ಗಳಲ್ಲಿ ಇದರಿಂದ ಚಿತ್ರ ಬಂದಿದ್ದನ್ನು ನಾನೇ ಕಂಡಿದ್ದೇನೆ.

ಆಮೇಲೆ ಸುಮ್ನೆ ಐದು ನಿಮಿಷ ಕಾಯಿರಿ. ಡಿಡಿಆರ್5 ರ‍್ಯಾಮ್ ಇರುವ ಬೋರ್ಡ್‌ಗಳು ಬಯೋಸ್ ರೀಸೆಟ್ ಆದ ಮೇಲೆ ರ‍್ಯಾಮನ್ನು ಹೊಸದಾಗಿ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತವೆ. ಅಲ್ಲಿಯವರೆಗೆ ಸ್ಕ್ರೀನ್ ಕಪ್ಪಗೇ ಇರುತ್ತದೆ. ಮಧ್ಯದಲ್ಲಿ ಆಫ್ ಮಾಡಿದರೆ ಮತ್ತೆ ಮೊದಲಿನಿಂದ ಶುರು.

ಇನ್ನೂ ಚಿತ್ರ ಬರದಿದ್ದರೆ ಪ್ಲಗ್ ಕಿತ್ತು ಒಳಗೆ ನೋಡಿ. ಕಾರ್ಡಿಗೆ ಪವರ್ ಕೇಬಲ್ ಹಾಕಿದ್ದೀರಾ? ಸ್ಲಾಟ್ ಒಂದೇ ಕೊಡಬಲ್ಲದ್ದು 75 ವ್ಯಾಟ್. ಅದಕ್ಕಿಂತ ಜಾಸ್ತಿ ಬೇಕಾದ ಕಾರ್ಡ್‌ಗೆ ಬೇರೆ ಕೇಬಲ್ ಬೇಕೇ ಬೇಕು: 6 ಪಿನ್‌ನಿಂದ ಇನ್ನೊಂದು 75, 8 ಪಿನ್‌ನಿಂದ 150 ವ್ಯಾಟ್. ಕಾರ್ಡಿನಲ್ಲಿ ಎರಡು ಸಾಕೆಟ್ ಇದ್ದರೆ ಎರಡನ್ನೂ ತುಂಬಿಸಿ. ಕೊಕ್ಕೆ ಕೂತ ಸದ್ದು ಕೇಳುವವರೆಗೆ ಒತ್ತಿ.

ಈಗ ಒಂದು ಟಾರ್ಚ್ ಹಿಡಿದು ಸ್ಲಾಟ್‌ನ ಮಟ್ಟಕ್ಕೆ ಕಣ್ಣು ತಂದು ನೋಡಿ. ಕಾರ್ಡಿನ ಕೆಳಗಿನ ಅಂಚು ಸ್ಲಾಟ್‌ಗೆ ಸಮಾನಾಂತರವಾಗಿ ಇರಬೇಕು. ಒಂದು ಕಡೆ ಪೂರ್ತಿ ಒಳಗೆ ಹೋಗಿ ಇನ್ನೊಂದು ಕಡೆ ಚಿನ್ನದ ಗೆರೆ ಕೂದಲೆಳೆಯಷ್ಟು ಕಂಡರೂ ಕಾರ್ಡ್ ಕೂತಿಲ್ಲ ಅಂತಲೇ ಅರ್ಥ. ಇದಕ್ಕೆ ಒಂದು ಸಾಮಾನ್ಯ ಕಾರಣ ಲೋಹದ ಬ್ರ್ಯಾಕೆಟ್. ಅದರ ಕೆಳತುದಿಯ ನಾಲಗೆ ಕ್ಯಾಬಿನೆಟ್ ಮತ್ತು ಬೋರ್ಡ್ ನಡುವಿನ ಸಂದಿಗೆ ಇಳಿಯದೆ ತಗಡಿನ ಮೇಲೆ ನಿಂತುಬಿಟ್ಟಿರುತ್ತದೆ. ಸ್ಕ್ರೂ ಬಿಗಿಯುತ್ತಾ ಹೋದ ಹಾಗೆ ಕಾರ್ಡಿನ ಇನ್ನೊಂದು ತುದಿ ಮೇಲೆ ಏಳುತ್ತದೆ. ಸ್ಕ್ರೂ ತೆಗೆದು, ಕಾರ್ಡನ್ನು ಹೊರಗೆ ತೆಗೆದು, ನೇರವಾಗಿ ಇಳಿಸಿ. ಲ್ಯಾಚ್ ‘ಟಕ್’ ಅಂದ ಮೇಲೆಯೇ ಸ್ಕ್ರೂ ಹಾಕಿ.

ಬೋರ್ಡ್ ಮೇಲೆ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಅಂತ ಬರೆದ ನಾಲ್ಕು ಚಿಕ್ಕ ದೀಪಗಳಿದ್ದರೆ ಯಾವುದು ಉರಿದು ನಿಂತಿದೆ ನೋಡಿ. ವಿಜಿಎ ಉರಿದರೆ ಇಲ್ಲಿಯವರೆಗೆ ಹೇಳಿದ್ದನ್ನೇ ಮತ್ತೊಮ್ಮೆ ಪರೀಕ್ಷಿಸಿ. ಡಿರ‍್ಯಾಮ್ ಉರಿದರೆ ಕಾರ್ಡ್ ಹಾಕುವಾಗ ಕೈ ತಾಗಿ ರ‍್ಯಾಮ್ ಸಡಿಲವಾಗಿದೆ, ತೆಗೆದು ಮತ್ತೆ ಒತ್ತಿ ಕೂರಿಸಿ. ದೀಪ ಇಲ್ಲದ ಬೋರ್ಡ್‌ಗೆ ಸ್ಪೀಕರ್ ಇದ್ದರೆ ಬೀಪ್ ಕೇಳಿ. ಒಂದು ಉದ್ದ, ಎರಡು ಗಿಡ್ಡ ಬೀಪ್ ಬಂದರೆ ಹಲವು ಬೋರ್ಡ್‌ಗಳಲ್ಲಿ ಅದು ಗ್ರಾಫಿಕ್ಸ್ ಸಿಗಲಿಲ್ಲ ಎನ್ನುವ ಸೂಚನೆ.

ರೈಸರ್ ಕೇಬಲ್ (ಕಾರ್ಡನ್ನು ಸ್ಲಾಟ್‌ನಿಂದ ದೂರ ಕೂರಿಸಲು ಬಳಸುವ ಪಟ್ಟಿಯಂಥ ಕೇಬಲ್) ಹಾಕಿ ಕಾರ್ಡನ್ನು ನಿಲ್ಲಿಸಿದ್ದರೆ ಅದನ್ನು ಬಿಟ್ಟು ನೇರ ಸ್ಲಾಟ್‌ಗೇ ಹಾಕಿ ನೋಡಿ. ಮೂರನೇ ತಲೆಮಾರಿನ ಪಿಸಿಐಇ (ಕಾರ್ಡ್ ಕೂರುವ ಸ್ಲಾಟ್‌ನ ಮಾದರಿ) ರೈಸರ್‌ಗೆ ನಾಲ್ಕನೇ ತಲೆಮಾರಿನ ಕಾರ್ಡ್ ಸೇರಿದರೆ ಕಪ್ಪು ಸ್ಕ್ರೀನ್ ಬರುವುದುಂಟು. ಹಳೆಯ ಕಾರ್ಡ್ ಹಾಕಿ, ಬಯೋಸ್‌ನಲ್ಲಿ ಸ್ಲಾಟ್‌ನ ವೇಗವನ್ನು ಆಟೋ ಬದಲು ಜೆನ್ 3 (ಮೂರನೇ ತಲೆಮಾರು) ಮಾಡಿ, ಆಮೇಲೆ ಹೊಸದನ್ನು ಕೂರಿಸಿ.

ಕೊನೆಗೆ ಬಯೋಸ್. ಹಳೆಯ ಕಾರ್ಡ್ ಹಾಕಿ ಬಯೋಸ್ ಅಪ್‌ಡೇಟ್ ಮಾಡಿ, ಮತ್ತೆ ಹೊಸದನ್ನು ಕೂರಿಸಿ. ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋಗಬಾರದು, ಹೋದರೆ ಬೋರ್ಡ್ ಏಳದೆಯೇ ಹೋಗಬಹುದು. ಸೆಟ್ಟಿಂಗ್ ಅಳಿಸಬೇಕಾದರೆ ಪ್ಲಗ್ ಕಿತ್ತು, ಬೋರ್ಡ್‌ನ ನಾಣ್ಯದಂಥ ಸಿಆರ್2032 ಬ್ಯಾಟರಿ ತೆಗೆದು, ಐದು ನಿಮಿಷ ಬಿಟ್ಟು ಹಾಕಿ.

## ಲೋಗೋ ಬರುತ್ತದೆ, ವಿಂಡೋಸ್ ಬರುವುದಿಲ್ಲ

ಖುಷಿಪಡಿ, ಕಾರ್ಡ್ ಜೀವಂತವಾಗಿದೆ.

‘ಬೂಟ್ ಡಿವೈಸ್ ಸಿಗಲಿಲ್ಲ’ ಎನ್ನುವ ಅರ್ಥದ ಸಂದೇಶ ಬಂದರೆ ಬಯೋಸ್ ರೀಸೆಟ್ ಆಗಿ ಬೂಟ್ ಕ್ರಮ ಬದಲಾಗಿರಬೇಕು. ಸಿಎಸ್‌ಎಂ ಎನ್ನುವ, ಹಳೆಯ ರೀತಿಯಲ್ಲಿ ಬೂಟ್ ಆಗಲು ಬಿಡುವ ಸೆಟ್ಟಿಂಗ್ ಆಫ್ ಮಾಡಿದ್ದೀರಾ ಅಂತಲೂ ನೋಡಿ. ಎಂಬಿಆರ್ ಎನ್ನುವ ಹಳೆಯ ಡಿಸ್ಕ್ ಕ್ರಮದಲ್ಲಿ ಹಾಕಿದ ವಿಂಡೋಸ್ ಅದು ಆಫ್ ಆದರೆ ಏಳುವುದಿಲ್ಲ. ಮತ್ತೆ ಆನ್ ಮಾಡಿದರೆ ಬರುತ್ತದೆ. ಡಿಸ್ಕನ್ನು ಹೊಸ ಕ್ರಮಕ್ಕೆ ತಿರುಗಿಸಲು ವಿಂಡೋಸ್‌ನಲ್ಲೇ ಸಾಧನ ಇದೆ, ಆದರೆ ಬ್ಯಾಕಪ್ ಇಲ್ಲದೆ ಅದಕ್ಕೆ ಕೈ ಹಾಕಬೇಡಿ.

ಚುಕ್ಕೆಗಳು ಸುತ್ತುತ್ತವೆ, ಆಮೇಲೆ ಕಪ್ಪಾಗುತ್ತದೆ ಅಂತಾದರೆ ಅದು ಡ್ರೈವರ್ ಲೋಡ್ ಆಗುವ ಗಳಿಗೆ. ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಕೀಗಳನ್ನು ಒಟ್ಟಿಗೆ ಒತ್ತಿ. ಗ್ರಾಫಿಕ್ಸ್ ಡ್ರೈವರ್ ರೀಸೆಟ್ ಆಗುತ್ತದೆ, ಒಂದು ಬೀಪ್ ಕೇಳಬಹುದು. ಆದರೂ ಕಪ್ಪಾಗಿದ್ದರೆ ಸೇಫ್ ಮೋಡ್‌ಗೆ (ತೀರಾ ಬೇಕಾದ ಡ್ರೈವರ್‌ಗಳಷ್ಟರಲ್ಲೇ ವಿಂಡೋಸ್ ಏಳುವ ಬಗೆ) ಹೋಗಿ, ಮುಂದಿನ ಭಾಗದಲ್ಲಿ ಹೇಳಿದ ಹಾಗೆ ಡ್ರೈವರ್ ತೆಗೆಯಿರಿ.

## ವಿಂಡೋಸ್ ಬಂತು, ಅಕ್ಷರ ದೊಡ್ಡದು, ರೆಸಲ್ಯೂಶನ್ ಕಮ್ಮಿ

ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ ನೋಡಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಇದ್ದರೆ ಡ್ರೈವರ್ ಹಾಕಿಲ್ಲ, ಅಷ್ಟೇ. ಹಳದಿ ತ್ರಿಕೋನ ಮತ್ತು ಕೋಡ್ 43 ಎನ್ನುವ ದೋಷ ಸಂಖ್ಯೆ ಇದ್ದರೆ ಹಳೆಯ ಡ್ರೈವರ್‌ನ ತುಣುಕುಗಳು ಉಳಿದಿರಬಹುದು. ಎಎಂಡಿಯಿಂದ ಎನ್‌ವಿಡಿಯಾಗೆ ಅಥವಾ ಅಲ್ಲಿಂದ ಇಲ್ಲಿಗೆ ಬಂದವರಲ್ಲಿ ಇದು ಜಾಸ್ತಿ.

ಹೊಸ ಡ್ರೈವರನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನೆಟ್ ಕಿತ್ತುಬಿಡಿ, ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ಮಧ್ಯದಲ್ಲಿ ನುಗ್ಗಿ ತನ್ನದೇ ಡ್ರೈವರ್ ಹಾಕುತ್ತದೆ. ಸೇಫ್ ಮೋಡ್‌ನಲ್ಲಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎನ್ನುವ ಉಚಿತ ಪ್ರೋಗ್ರಾಂ ಓಡಿಸಿ ಹಳೆಯದನ್ನು ಬೇರು ಸಮೇತ ತೆಗೆಯಿರಿ. ರೀಸ್ಟಾರ್ಟ್ ಮಾಡಿ ಹೊಸದನ್ನು ಹಾಕಿ, ಆಮೇಲೆ ನೆಟ್ ಕೊಡಿ. ಇಷ್ಟಾದ ಮೇಲೂ ಕೋಡ್ 43 ಹೋಗದಿದ್ದರೆ, ಅದೂ ಸೆಕೆಂಡ್ ಹ್ಯಾಂಡ್ ಕಾರ್ಡ್ ಆಗಿದ್ದರೆ, ಕಾರ್ಡೇ ಕೆಟ್ಟಿರುವ ಅಥವಾ ಕಾರ್ಡಿನದೇ ಆದ ಬಯೋಸ್ ಯಾರೋ ಬದಲಿಸಿರುವ ಸಾಧ್ಯತೆ ಇದೆ. ಕೊಟ್ಟವರಿಗೆ ಹಿಂತಿರುಗಿಸಿ.

## ಗೇಮ್ ಹಾಕಿದರೆ ಬೀಳುತ್ತದೆ

ಹೇಗೆ ಬೀಳುತ್ತದೆ ಅನ್ನುವುದೇ ಇಲ್ಲಿ ಸುಳಿವು. ಗೇಮ್ ಮಾತ್ರ ಮುಚ್ಚಿ ಡೆಸ್ಕ್‌ಟಾಪ್ ಕಂಡರೆ ಡ್ರೈವರ್ ಅಥವಾ ಓವರ್‌ಕ್ಲಾಕ್ (ನಿಗದಿಗಿಂತ ಹೆಚ್ಚಿಸಿದ ವೇಗ) ನೋಡಿ. ಸ್ಕ್ರೀನ್ ಕಪ್ಪಾಗಿ ಸದ್ದು ಮುಂದುವರಿದರೆ ಕಾರ್ಡ್ ಅಥವಾ ಡ್ರೈವರ್ ಹೆಪ್ಪುಗಟ್ಟಿದೆ. ಕರೆಂಟ್ ಹೋದ ಹಾಗೆ ಇಡೀ ಕಂಪ್ಯೂಟರ್ ಥಟ್ಟನೆ ಆರಿದರೆ ಮೊದಲ ಅನುಮಾನ ಪವರ್ ಮೇಲೆ. ವಿಂಡೋಸ್‌ನ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ‘ಕರ್ನಲ್-ಪವರ್ 41’ ಅಂತ ಕಂಡು ಕೆಲವರು ಗಾಬರಿಯಾಗುತ್ತಾರೆ. ಸರಿಯಾಗಿ ಶಟ್‌ಡೌನ್ ಆಗದೆ ಕಂಪ್ಯೂಟರ್ ನಿಂತಿತ್ತು ಅಂತಷ್ಟೇ ಅದು ಹೇಳುತ್ತದೆ, ಕಾರಣ ಹೇಳುವುದಿಲ್ಲ.

ಗೆಳೆಯರೊಬ್ಬರ ಕಂಪ್ಯೂಟರ್ ಹೀಗೇ ಆರುತ್ತಿತ್ತು. ಕಾರ್ಡ್ 320 ವ್ಯಾಟ್‌ನದು, ಎಸ್‌ಎಂಪಿಎಸ್ 750. ಲೆಕ್ಕ ಸರಿ ಇದೆ, ಡ್ರೈವರ್ ಹೊಸದು, ವಿಂಡೋಸ್ ಕೂಡ ಮತ್ತೆ ಹಾಕಿದ್ದರು. ಮುಚ್ಚಳ ತೆಗೆದು ನೋಡಿದರೆ ಕಾರ್ಡಿನ ಎರಡು 8 ಪಿನ್ ಸಾಕೆಟ್‌ಗೂ ಒಂದೇ ಕೇಬಲ್. ತುದಿಯಲ್ಲಿ ಒಂದು ಪ್ಲಗ್, ಅದರಿಂದ ಕವಲೊಡೆದ ಇನ್ನೊಂದು ಪ್ಲಗ್. ಗೇಮ್ ನಿಂತ ಮೇಲೆ ಕೇಬಲ್ ಮುಟ್ಟಿದರೆ ಬೆಚ್ಚಗಿತ್ತು. ಎಸ್‌ಎಂಪಿಎಸ್‌ನ ಡಬ್ಬದಲ್ಲಿ ಬಳಸದೆ ಬಿದ್ದಿದ್ದ ಎರಡನೇ ಕೇಬಲ್ ತಂದು ಪ್ರತಿ ಸಾಕೆಟ್‌ಗೆ ಒಂದೊಂದು ಹಾಕಿದೆವು. ಆವತ್ತಿನಿಂದ ಆರಿಲ್ಲ. ಎರಡು ಸಾಕೆಟ್ ಇರುವ ದೊಡ್ಡ ಕಾರ್ಡ್‌ಗೆ ಎರಡು ಬೇರೆ ಬೇರೆ ಕೇಬಲ್ ಹಾಕಿ ಅಂತ ಆಮೇಲೆ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ.

ಎಸ್‌ಎಂಪಿಎಸ್ ಸಾಲುತ್ತದಾ ಅಂತ ನೋಡಲು ದೊಡ್ಡದಾಗಿ ಬರೆದ ವ್ಯಾಟ್ ನಂಬಬೇಡಿ. ಪಕ್ಕದ ಲೇಬಲ್‌ನಲ್ಲಿ 12 ವೋಲ್ಟ್ ಸಾಲಿನ ಆಂಪಿಯರ್ ನೋಡಿ, 12ರಿಂದ ಗುಣಿಸಿ. 500 ವ್ಯಾಟ್ ಅಂತ ಹೆಸರಿದ್ದು ಅಲ್ಲಿ 34 ಆಂಪಿಯರ್ ಇದ್ದರೆ ಕಾರ್ಡ್ ಮತ್ತು ಪ್ರೊಸೆಸರ್ ಇಬ್ಬರಿಗೂ ಸೇರಿ ನಿಜವಾಗಿ ಸಿಗುವುದು 408 ವ್ಯಾಟ್. ಅದೂ ಅಲ್ಲದೆ ಕಾರ್ಡ್‌ಗಳು ಸೆಕೆಂಡಿನ ಸಾವಿರದ ಕೆಲವು ಭಾಗದಷ್ಟು ಹೊತ್ತು ತಮ್ಮ ಹೇಳಿಕೆಯ ವ್ಯಾಟ್‌ಗಿಂತ ಬಹಳ ಜಾಸ್ತಿ ಎಳೆಯುತ್ತವೆ. ಹಳೆಯ ಎಸ್‌ಎಂಪಿಎಸ್ ಅದನ್ನೇ ಅಪಾಯ ಅಂದುಕೊಂಡು ಆರಿಬಿಡುತ್ತದೆ.

ಖರ್ಚಿಲ್ಲದ ಪರೀಕ್ಷೆ ಇದೆ. ಎಂಎಸ್‌ಐ ಆಫ್ಟರ್‌ಬರ್ನರ್ ಎನ್ನುವ ಪ್ರೋಗ್ರಾಂನಲ್ಲಿ ಕಾರ್ಡಿನ ಪವರ್ ಲಿಮಿಟ್ 70 ಶೇಕಡಾಗೆ ಇಳಿಸಿ, ಅಥವಾ ಗೇಮ್‌ನಲ್ಲಿ ಫ್ರೇಮ್ (ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆ) ಮಿತಿ 60 ಇಡಿ. ಆರುವುದು ನಿಂತರೆ ಪವರ್ ಕಡೆಯೇ ತೊಂದರೆ ಅಂತ ಬಹುತೇಕ ಖಚಿತ. ಕಂಪ್ಯೂಟರ್ ಯುಪಿಎಸ್ ಮೇಲಿದ್ದರೆ ಅದನ್ನು ಬಿಟ್ಟು ನೇರ ಗೋಡೆಯ ಸಾಕೆಟ್‌ಗೆ ಹಾಕಿ ನೋಡಿ. ಚಿಕ್ಕ ಯುಪಿಎಸ್ ಹೊಸ ಕಾರ್ಡಿನ ಹೊರೆ ತಾಳುವುದಿಲ್ಲ.

16 ಪಿನ್‌ನ ಹೊಸ ಚಿಕ್ಕ ಪ್ಲಗ್ ಇರುವವರಿಗೆ ಒಂದು ಎಚ್ಚರಿಕೆ. 2022ರಲ್ಲಿ ಆರ್‌ಟಿಎಕ್ಸ್ 4090 ಬಂದ ಕೆಲವೇ ವಾರಗಳಲ್ಲಿ ಈ ಪ್ಲಗ್ ಕರಗಿದ ಸುದ್ದಿಗಳು ಬಂದವು. ಪೂರ್ತಿ ಒಳಗೆ ಹೋಗದ ಪ್ಲಗ್ ಒಂದು ಮುಖ್ಯ ಕಾರಣವಾಗಿ ಕಂಡಿತು. ಪ್ಲಗ್ ಮತ್ತು ಸಾಕೆಟ್ ನಡುವೆ ಉಗುರು ಹೋಗುವಷ್ಟೂ ಸಂದಿ ಇರಬಾರದು. ಪ್ಲಗ್‌ನ ಹತ್ತಿರದಲ್ಲೇ ಕೇಬಲ್ ಬಗ್ಗಿಸಬೇಡಿ, ಮೂರೂವರೆ ಸೆಂಟಿಮೀಟರ್ ನೇರ ಬಂದ ಮೇಲೆ ತಿರುಗಲಿ. ಕ್ಯಾಬಿನೆಟ್ ಮುಚ್ಚಳ ಕೇಬಲ್ಲನ್ನು ಒತ್ತುತ್ತಿದ್ದರೆ ಮುಚ್ಚಳ ತೆಗೆದೇ ಇಡಿ.

## ಬಣ್ಣದ ಚೌಕ, ಗೆರೆ, ಮಿನುಗು

ಬಯೋಸ್ ಸ್ಕ್ರೀನ್‌ಗೆ ಹೋಗಿ. ಅಲ್ಲೂ ಚೌಕಗಳು ಕಂಡರೆ, ಕೇಬಲ್ ಮತ್ತು ಮಾನಿಟರ್ ಬದಲಿಸಿದರೂ ಹೋಗದಿದ್ದರೆ, ಕಾರ್ಡಿನ ಮೆಮೊರಿ ಅಥವಾ ಚಿಪ್ ಕೆಟ್ಟಿದೆ. ಅದಕ್ಕೆ ಮನೆಯಲ್ಲಿ ಔಷಧಿ ಇಲ್ಲ. ಕಾರ್ಡನ್ನು ಓವನ್‌ನಲ್ಲಿ ಬಿಸಿ ಮಾಡುವ ಉಪಾಯ ಯಾರಾದರೂ ಹೇಳಿದರೆ ದಯವಿಟ್ಟು ಮಾಡಬೇಡಿ, ವಿಷದ ಹೊಗೆ ಬರುತ್ತದೆ, ವಾರಂಟಿಯೂ ಹೋಗುತ್ತದೆ. ಬಯೋಸ್ ಸ್ವಚ್ಛವಾಗಿದ್ದು ಗೇಮ್‌ನಲ್ಲಿ ಮಾತ್ರ ಬಂದರೆ ಓವರ್‌ಕ್ಲಾಕ್ ತೆಗೆಯಿರಿ, ಬಿಸಿ ನೋಡಿ, ಡ್ರೈವರ್ ಬದಲಿಸಿ.

## ಹೊಸ ಕಾರ್ಡ್, ಆದರೂ ನಿಧಾನ

ಮತ್ತೆ ಮಾನಿಟರ್ ಕೇಬಲ್ ನೋಡಿ. ಒಳಗಿನ ಗ್ರಾಫಿಕ್ಸ್ ಇರುವ ಪ್ರೊಸೆಸರ್‌ನಲ್ಲಿ ಮೇಲಿನ ಪೋರ್ಟ್‌ನಿಂದಲೂ ಚಿತ್ರ ಬರಬಹುದು, ಕಾರ್ಡ್ ಸುಮ್ನೆ ಕೂತಿರುತ್ತದೆ. ವಿಂಡೋಸ್‌ನಲ್ಲಿ ರಿಫ್ರೆಶ್ ರೇಟ್ 60ಕ್ಕೆ ಇಳಿದಿದೆಯಾ ನೋಡಿ. ಬಯೋಸ್ ರೀಸೆಟ್ ಮಾಡಿದ್ದರೆ ರ‍್ಯಾಮ್‌ನ ಎಕ್ಸ್‌ಎಂಪಿ (ಅದನ್ನು ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಆಗಿರುತ್ತದೆ, ಆನ್ ಮಾಡಿ.

ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಪ್ರೋಗ್ರಾಂನಲ್ಲಿ ಬಸ್ (ಸ್ಲಾಟ್) ವೇಗ 1.1 ಅಂತ ಕಂಡರೆ ಹೆದರಬೇಡಿ. ಕೆಲಸ ಇಲ್ಲದಾಗ ಕಾರ್ಡ್ ವೇಗ ಇಳಿಸಿಕೊಳ್ಳುತ್ತದೆ, ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಹೊರೆ ಹಾಕಿ ನೋಡಿ. ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600ರಂಥ ಕಾರ್ಡ್‌ಗಳು ಇರುವುದೇ 8 ಲೇನ್‌ಗೆ (ಕಾರ್ಡ್ ಮತ್ತು ಬೋರ್ಡ್ ನಡುವೆ ಮಾಹಿತಿ ಓಡಾಡುವ ದಾರಿ), 16 ಕಾಣದಿದ್ದರೆ ದೋಷವಲ್ಲ. 16 ಲೇನ್‌ನ ಕಾರ್ಡ್ 4 ಅಂತ ತೋರಿಸಿದರೆ ಅದು ಕೆಳಗಿನ ಸ್ಲಾಟ್‌ನಲ್ಲಿದೆ ಅಥವಾ ಸರಿಯಾಗಿ ಕೂತಿಲ್ಲ. ಇಂಟೆಲ್ ಆರ್ಕ್ ಕಾರ್ಡ್ ಇದ್ದವರು ಬಯೋಸ್‌ನಲ್ಲಿ ರೀಸೈಜಬಲ್ ಬಾರ್ ಎನ್ನುವ ಸೆಟ್ಟಿಂಗ್ ಆನ್ ಮಾಡಲೇಬೇಕು, ಇಲ್ಲದಿದ್ದರೆ ವೇಗ ತೀರಾ ಕುಸಿಯುತ್ತದೆ.

ಇವೆಲ್ಲ ಸರಿ ಇದ್ದು, ಗೇಮ್‌ನಲ್ಲಿ ಕಾರ್ಡಿನ ಬಳಕೆ 50, 60 ಶೇಕಡಾದಲ್ಲೇ ನಿಂತರೆ ಪ್ರೊಸೆಸರ್ ಹಿಂದೆ ಬಿದ್ದಿದೆ ಅನ್ನಬಹುದು. ಕಾರ್ಡನ್ನು ಬೈಯಬೇಡಿ.

## ಸದ್ದು ಮತ್ತು ಬಿಸಿ

ಸುಮ್ಮನಿರುವಾಗ ಕಾರ್ಡಿನ ಫ್ಯಾನ್ ತಿರುಗದಿದ್ದರೆ ಅದು ದೋಷವಲ್ಲ, ಬಿಸಿಯೇರಿದ ಮೇಲೆ ತಾನೇ ತಿರುಗುತ್ತದೆ. ಗೇಮ್‌ನಲ್ಲಿ ಕೀರಲು ಸದ್ದು ಬಂದು ಫ್ರೇಮ್ ಇಳಿಸಿದಾಗ ಕಮ್ಮಿಯಾದರೆ ಅದು ಕಾಯಿಲ್‌ನ ಸದ್ದು, ಕಿರಿಕಿರಿ ನಿಜ, ಅಪಾಯ ಇಲ್ಲ. ಟರ‍್ರ್ ಅಂತ ಬಂದರೆ ವೈರ್ ಫ್ಯಾನಿಗೆ ತಾಗುತ್ತಿದೆ. 80 ಡಿಗ್ರಿ ದಾಟಿದರೆ ಕ್ಯಾಬಿನೆಟ್ ಮುಚ್ಚಳ ತೆಗೆದು ನೋಡಿ. ಹತ್ತು ಡಿಗ್ರಿ ಇಳಿದರೆ ಕಾರ್ಡ್ ಸರಿಯಿದೆ, ಗಾಳಿ ಸಾಲುತ್ತಿಲ್ಲ. ಹೊಸ ಕಾರ್ಡಿಗೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರಾ ಅಂತಲೂ ನೋಡಿ.

## ಇಲ್ಲಿಗೆ ನಿಲ್ಲಿಸಿ

ಸುಟ್ಟ ವಾಸನೆ, ಹೊಗೆ, ಕಿಡಿ, ಕರಗಿದ ಅಥವಾ ಕಂದಾದ ಪ್ಲಗ್, ಇದರಲ್ಲಿ ಯಾವುದು ಕಂಡರೂ ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತುಬಿಡಿ. ‘ಇನ್ನೊಂದು ಸಲ ನೋಡೋಣ’ ಅಂತ ಆನ್ ಮಾಡಬೇಡಿ. ಸ್ಲಾಟ್ ಮುರಿದಿದ್ದರೆ, ಹಳೆಯ ಕಾರ್ಡ್ ಹಾಕಿದರೂ ಕಂಪ್ಯೂಟರ್ ಏಳದಿದ್ದರೆ ತಿಳಿದವರ ಕೈಗೆ ಕೊಡಿ. ಸಾಧ್ಯವಾದರೆ ಹೊಸ ಕಾರ್ಡನ್ನು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ನೋಡಿ. ಅಲ್ಲೂ ಅದೇ ತೊಂದರೆ ಬಂದರೆ ವಾರಂಟಿ ಕೇಳಲು ಅದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಕೊಡುವಾಗ ಬರೆದಿಟ್ಟ ಆ ಹಾಳೆಯನ್ನೂ ಕೊಡಿ: ಎಸ್‌ಎಂಪಿಎಸ್ ಮಾಡೆಲ್, ಬೋರ್ಡ್ ಮಾಡೆಲ್, ಬಯೋಸ್ ಆವೃತ್ತಿ, ಯಾವ ದೀಪ ಉರಿಯಿತು, ಯಾವ ಹಂತದಲ್ಲಿ ನಿಂತಿತು, ಹಳೆಯ ಕಾರ್ಡ್ ಹಾಕಿದಾಗ ಏನಾಯ್ತು. ನೀವು ಆಗಲೇ ಮಾಡಿ ಮುಗಿಸಿದ ಪರೀಕ್ಷೆಗಳನ್ನು ಅವರು ಮತ್ತೆ ಮಾಡುವುದು ತಪ್ಪುತ್ತದೆ.